ಮಾಳಿಗೆಯ ಮೇಲಿನ ಹುಣಸೆ ಬೀಜಗಳು

ರಾಮದುರ್ಗದ ನಮ್ಮ ಮಾಳಿಗೆಯಿಂದ ಅಭಿಜಿತ್ ನಕ್ಷತ್ರ ಚೆನ್ನಾಗಿ ಕಾಣುತ್ತಿತ್ತು. ಅದರಿಂದ ತುಸು ದೂರ, ಬರಿಗಣ್ಣಿಗೆ ಏನೂ ಇಲ್ಲದ ಜಾಗದಲ್ಲಿ, ನನ್ನ ಗಂಡನ ನಕ್ಷತ್ರವಿತ್ತು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ತಾವೇ ಗಾಜು ಉಜ್ಜಿ ಕನ್ನಡಿ ಮಾಡಿ ಕಟ್ಟಿದ ದೂರದರ್ಶಕದಲ್ಲಿ ತೊಂಬತ್ತರ ದಶಕವಿಡೀ ಅದೊಂದನ್ನೇ ನೋಡುತ್ತ ಬಂದಿದ್ದರು. ಸವದತ್ತಿಯಿಂದ ಮದುವೆಯಾಗಿ ಬಂದ ನನಗೂ ನೋಡುವುದನ್ನು ಕಲಿಸಿದ್ದರು.

ಅದು ಒಂದಲ್ಲ, ಜೋಡಿ ನಕ್ಷತ್ರ. ಒಂದು ಉರಿದು ಮುಗಿದು ಭೂಮಿಯ ಗಾತ್ರಕ್ಕೆ ಕುಗ್ಗಿದ ಶ್ವೇತಕುಬ್ಜ. ಅದರ ಕಾಂತಶಕ್ತಿ ವಿಪರೀತ. ಸಂಗಾತಿ ನಕ್ಷತ್ರದಿಂದ ಸೋರುವ ಅನಿಲ ಆ ಕಾಂತದ ದಾರಿ ಹಿಡಿದು ಕುಬ್ಜದ ಧ್ರುವದ ಮೇಲೆ ಬೀಳುತ್ತದೆ, ಬಿದ್ದಲ್ಲಿ ಕಾದು ಎಕ್ಸ್-ಕಿರಣ ಸೂಸುತ್ತದೆ. ನಮ್ಮ ವಾತಾವರಣ ಆ ಕಿರಣವನ್ನು ಕೆಳಗೆ ಬಿಡುವುದಿಲ್ಲ. ಉಪಗ್ರಹವೇ ನೋಡಬೇಕು. ಒಮ್ಮೊಮ್ಮೆ ಸಂಗಾತಿ ಕೊಡುವುದನ್ನೇ ನಿಲ್ಲಿಸುತ್ತದೆ. ಆಗ ಎಲ್ಲ ಮಂಕು. ಅದು ಯಾವಾಗ ಎಂದು ಮೊದಲೇ ಹೇಳಲು ಬಾರದು.

ನಮ್ಮ ಪದ್ಧತಿ ಹೀಗಿತ್ತು. ಒಬ್ಬರಾದ ಮೇಲೆ ಒಬ್ಬರು ನೋಡಬೇಕು, ಮಾತಾಡಬಾರದು. ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿ, ಬೆಳಕಿಗೆ ತಕ್ಕಷ್ಟು ಹುಣಸೆ ಬೀಜ ಮುಷ್ಟಿಯಲ್ಲಿ ಹಿಡಿಯಬೇಕು. ಕಾಣದಿದ್ದರೆ ಬರಿ ಮುಷ್ಟಿ. ಇಬ್ಬರೂ ಒಮ್ಮೆಗೇ ಬಿಚ್ಚಬೇಕು. ಒಬ್ಬರು ಮೊದಲು ಬಾಯಿಬಿಟ್ಟರೆ ಇನ್ನೊಬ್ಬರ ಕಣ್ಣಿಗೂ ಅದೇ ಕಾಣುತ್ತದೆ ಎನ್ನುತ್ತಿದ್ದರು.

ನಾವು ಕಾಕು ಎಂದು ಕರೆಯುತ್ತಿದ್ದ ನೆರೆಮನೆಯ ಹಿರಿಯಾಕೆ ಪಕ್ಕದ ಮಾಳಿಗೆಯಿಂದ ಕೂಗುತ್ತಿದ್ದರು: “ಗಂಡಾ ಹೆಂಡ್ತಿ ಬೀಜದಾಟ ಇನ್ನೂ ಮುಗಿದಿಲ್ಲೇನು? ಇವತ್ತ ಗೆದ್ದೋರ್ಯಾರು?”

“ದಿನಾ ಆಕೀನ ಗೆಲ್ತಾಳ್ರಿ ಕಾಕು. ಆಕಿ ಕಣ್ಣು ಚಲೋ ಅದಾವ.”

ಎರಡು ಸಾವಿರದ ಇಸವಿಯ ನಂತರದ ಒಂದು ವರ್ಷ, ಮಳೆ ನಿಂತ ಮೇಲೆ, ಪುಣೆಯ ಸಂಶೋಧಕಿಯೊಬ್ಬರು ಫೋನ್ ಮಾಡಿದರು. ಎಕ್ಸ್-ಕಿರಣ ನೋಡುವ ಪರದೇಶದ ಉಪಗ್ರಹದಲ್ಲಿ ಈ ನಕ್ಷತ್ರಕ್ಕೆ ಸಮಯ ಸಿಕ್ಕಿತ್ತು. ಬೆಳಗುತ್ತಿದ್ದರೆ ಮಾತ್ರ. ಮಂಕಾಗಿದ್ದರೆ ಆ ಸಮಯ ಬೇರೊಂದಕ್ಕೆ ಹೋಗುತ್ತದೆ. ಈ ನಕ್ಷತ್ರವನ್ನು ಗಮನಿಸುವ ಉಳಿದ ಹವ್ಯಾಸಿಗಳ ಊರುಗಳಲ್ಲಿ ಮೋಡವಿತ್ತು. ಹಿಂದಿನ ಸಂಜೆ ನಾವು ನೋಡಿ ಹೇಳಬೇಕಿತ್ತು.

ಅಷ್ಟರಲ್ಲಿ ನನ್ನ ಗಂಡನ ಹೊಟ್ಟೆಯಲ್ಲಿ ಗಡ್ಡೆಯೊಂದು ಬಲಿತಿತ್ತು. ಬೆಳಗಾವಿಯ ಡಾಕ್ಟರು ಮುಂದಿನ ವರ್ಷದ ಮಾತನ್ನೇ ಎತ್ತಿರಲಿಲ್ಲ. ಇನ್ನೊಂದು ಸರದಿಗೆ ಇವರು ಇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಸಂಜೆ ಮೆಟ್ಟಿಲ ನಡುವೆ ಕುಳಿತು ಸುಧಾರಿಸಿಕೊಂಡು ಮಾಳಿಗೆಗೆ ಬಂದರು. ಬಹಳ ಹೊತ್ತು ನೋಡಿದರು. ಆಮೇಲೆ ನಾನು ಬಗ್ಗಿದೆ. ಸುತ್ತಲಿನ ನಕ್ಷತ್ರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ನಡುವೆ ಕತ್ತಲು. ಕಣ್ಣು ಮುಚ್ಚಿ, ತೆರೆದು, ಮತ್ತೆ ನೋಡಿದೆ.

“ಬಿಚ್ಚೋಣೇನು?” ಎಂದರು.

ಅವರ ಅಂಗೈಯಲ್ಲಿ ನಾಲ್ಕು ಬೀಜ. ನನ್ನದು ಖಾಲಿ.

“ಇಲ್ಲಾ?”

“ಇಲ್ರಿ.”

“ಇನ್ನೊಮ್ಮೆ ನೋಡು.”

ನೋಡಿದೆ. “ಇಲ್ರೀ.”

“ನನಗ ಹೋದ ವಾರದ್ದ ಕಂಡಿರಬೇಕು,” ಎಂದು ಸ್ವಲ್ಪ ನಕ್ಕರು. “ಫೋನ್ ಹಚ್ಚು. ಕಾಣವಲ್ದು ಅಂತ ಹೇಳು.”

“ನೀವ ಹೇಳ್ರಿ.”

“ನೋಡಿದಾಕಿ ನೀನು.”

ಹೇಳಿದೆ. ಉಪಗ್ರಹ ಬೇರೆ ಕಡೆ ತಿರುಗಿತು. ಆ ನಾಲ್ಕು ಬೀಜಗಳನ್ನು ಅವರು ಡಬ್ಬಿಗೆ ಹಾಕಲಿಲ್ಲ. ಹಿಡಿದುಕೊಂಡೇ ಕೆಳಗಿಳಿದರು. ಆ ಚಳಿಗಾಲ ಅವರು ದಾಟಲಿಲ್ಲ.

ಮರುವರ್ಷ ನಕ್ಷತ್ರ ಬೆಳಗಿತು. ಉಪಗ್ರಹ ನೋಡಿತು. ಪುಣೆಯಿಂದ ಅದರ ರೇಖಾನಕ್ಷೆ ಬಂತು. ಎಕ್ಸ್-ಕಿರಣ ಒಂದೇ ಲಯದಲ್ಲಿ ಏರಿ ಇಳಿದು ಏರಿತ್ತು. ಅದನ್ನು ಒಬ್ಬಳೇ ಓದಿದೆ.

ಅಂದು ಸಂಜೆ ಮಾಳಿಗೆಗೆ ಹೋಗಿ ನೋಡಿದೆ. ನಾಲ್ಕು ಬೀಜ ಹಿಡಿದೆ. ಪಕ್ಕದಲ್ಲಿ ಕಾಕು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಯಾರು ಗೆದ್ದರೆಂದು ಕೇಳಲಿಲ್ಲ. ಎದುರಿಗೆ ಇನ್ನೊಂದು ಮುಷ್ಟಿ ಇರಲಿಲ್ಲವಾದ್ದರಿಂದ ನನ್ನದನ್ನು ಯಾವಾಗ ಬಿಚ್ಚಬೇಕೆಂದು ತಿಳಿಯದೆ, ಬೆರಳು ನೋಯುವವರೆಗೂ ಹಾಗೇ ನಿಂತಿದ್ದೆ.