ರೇಡಿಯೋದವರು ಹಾಳೆ ಮಗುಚುವುದಿಲ್ಲ

ಕೂತಲ್ಲಿ ಕೂರಲಾರದ ಸ್ವಭಾವ ನನ್ನದು. ಆವತ್ತಂತೂ ಹನ್ನೊಂದು ಗಂಟೆಯ ರೆಕಾರ್ಡಿಂಗಿಗೆ ರಾಜಾಜಿನಗರದ ಮನೆಯಿಂದ ಎಂಟೂವರೆಗೇ ಹೊರಟೆ. "ವಿಜಯನಗರಕ್ಕೆ ಹೋಗೋಕೆ ಇಷ್ಟು ಹೊತ್ತು ಬೇಕೇನ್ರೀ?" ಅಂದಳು ಹೆಂಡತಿ. ಮೊಬೈಲಿನಲ್ಲಿ ಕೇಳುವ ನಾಟಕವೊಂದರಲ್ಲಿ ನನಗೆ ಹಾಸ್ಯದ ಪಾತ್ರ, ಬರೀ ದನಿ. ಸಿನಿಮಾದವರು ನನ್ನನ್ನು ಮರೆತು ಯಾವ ಕಾಲವಾಯಿತೋ. ದನಿಯೊಂದರಿಂದಲೇ ಇನ್ನೂ ನಗಿಸಬಲ್ಲೆನೋ ಇಲ್ಲವೋ, ಅದು ಗೊತ್ತಾಗಬೇಕಿತ್ತು ನನಗೆ.

ನಗಿಸುವುದೇ ಕಸುಬಾದರೂ ನಾನು ನಗು ಕೇಳಿದ್ದು ಕಡಿಮೆ. ರೇಡಿಯೋ ಸ್ಟುಡಿಯೋದಲ್ಲಿ ಯಾರೂ ನಗುವ ಹಾಗಿಲ್ಲ, ಮೈಕಿಗೆ ಸಿಕ್ಕಿಬಿಡುತ್ತದೆ. ಸಿನಿಮಾ ಸೆಟ್ಟಿನಲ್ಲೂ ಅದೇ ಪಾಡು: ನಾನು ಬೆವರು ಸುರಿಸಿ ಚೇಷ್ಟೆ ಮಾಡುತ್ತಿದ್ದರೆ ಕ್ಯಾಮೆರಾದವನು ಗಡಿಯಾರ ನೋಡುತ್ತಿದ್ದ. ಪಿಕ್ಚರ್ ಬಿಡುಗಡೆಯಾದ ಮೇಲೆ ಮಾಗಡಿ ರಸ್ತೆಯ ಟಾಕೀಸಿಗೆ ಮಂಕಿ ಕ್ಯಾಪ್ ಹಾಕಿಕೊಂಡು ಹೋಗಿ, ಹಿಂದಿನ ಸಾಲಲ್ಲಿ ಕೂತು, ನನ್ನ ಪಾಲಿನ ನಗು ಕೇಳಿಕೊಂಡು ಬರುತ್ತಿದ್ದೆ.

ಈಗಿನ ಸ್ಟುಡಿಯೋ ಅಂದರೆ ಮಾರ್ಕೆಟ್ ಬೀದಿಯ ಮೂರನೇ ಮಹಡಿಯ ಒಂದು ಕೋಣೆ. ನಿರ್ದೇಶಕಿ ನನ್ನ ಮೊಮ್ಮಗಳ ವಯಸ್ಸಿನವಳು. "ಸ್ಕ್ರಿಪ್ಟ್ ಇದರಲ್ಲೇ ಇದೆ ಸಾರ್" ಅಂತ ಟ್ಯಾಬ್ ಕೈಗಿತ್ತಳು. ಗಾಜಿನಾಚೆ ಅವಳೂ ಇನ್ನು ಮೂವರೂ ಕೂತರು.

ರೇಡಿಯೋದವರು ಹಾಳೆ ಮಗುಚುವುದಿಲ್ಲ. ಮಗುಚಿದರೆ ಸರಬರ ಸದ್ದು ಮೈಕಿನಲ್ಲಿ ಬರುತ್ತದೆ. ಓದಿ ಮುಗಿದ ಹಾಳೆಯನ್ನು ಮೆಲ್ಲಗೆ ಕೈಬಿಡುತ್ತೇವೆ, ಅದು ಕಾರ್ಪೆಟ್ಟಿನ ಮೇಲೆ ಸದ್ದಿಲ್ಲದೆ ಬೀಳುತ್ತದೆ. ಜೀವಮಾನವೆಲ್ಲ ಮಾಡಿದ್ದನ್ನು ಕೈ ಮರೆಯಲಿಲ್ಲ. ಮೊದಲ ಪುಟ ಚೆನ್ನಾಗಿ ಹೋಯಿತು. ಅದರ ಕೊನೆಯ ಸಾಲು, ನಗು ಬರಲೇಬೇಕಾದ ಸಾಲು, ಹೇಳಿ ಮುಗಿಸಿ ಟ್ಯಾಬನ್ನು ಕೈಬಿಟ್ಟೆ.

ದಢಾರ್!

ಗಾಜಿನಾಚೆ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದಪ್ಪ ಕವರಿನ ಪುಣ್ಯ, ಟ್ಯಾಬ್ ಒಡೆದಿರಲಿಲ್ಲ.

"ಕೊನೇ ಸಾಲು ಹೇಗಿತ್ತಮ್ಮ?" ಅಂದೆ.

"ಯಾವ ಲೈನ್ ಸಾರ್?" ಅಂದಳು ನಿರ್ದೇಶಕಿ, ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದು. "ಅದು ಬಿಡಿ. ಬೀಳಿಸಿದ್ರಲ್ಲ, ಅದನ್ನ ಇನ್ನೊಂದ್ಸಲ ಮಾಡ್ತೀರಾ? ವೀಡಿಯೋ ಮಾಡ್ಕೋತೀವಿ. ಸೂಪರಾಗಿರುತ್ತೆ."

ಮೈ ಉರಿದುಹೋಯಿತು. ನನ್ನ ದನಿ ಕೇಳಲಿ ಅಂತ ಬಂದರೆ ಇವರಿಗೆ ಬಿದ್ದ ಸದ್ದು ಬೇಕಂತೆ! ಎದ್ದು ಹೊರಟುಬಿಡಬೇಕಿತ್ತು. ಹೊರಡಲಿಲ್ಲ. ಫೋನು ಹಿಡಿದು ನಿಂತ ಅವಳ ಮುಂದೆ ಇನ್ನೊಮ್ಮೆ ಕೈಬಿಟ್ಟೆ, ಈ ಸಲ ಒಂದು ಕ್ಷಣ ತಡೆದು, ಏನೂ ಅರಿಯದವನ ಹಾಗೆ ಎಲ್ಲೋ ನೋಡುತ್ತಾ. ಮೊದಲಿಗಿಂತ ಜೋರಾಗಿ ನಕ್ಕರು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು, ನಿಜ. ಆದರೂ ಬಗ್ಗಿ ಟ್ಯಾಬ್ ಎತ್ತಿಕೊಂಡು, "ಮೂರನೇದು ತಗೋತೀಯೇನಮ್ಮ? ಇನ್ನೂ ಚೆನ್ನಾಗಿ ಮಾಡ್ತೀನಿ" ಅಂತ ಕೇಳಿದವನು ನಾನೇ.