ನಮ್ಮ ನಾಯಿ ಸೊಂಟ

ನಮ್ಮ ಮನಿಯವರಿಗೆ ನೆಲ ಅಂದ್ರ ಮಾರಿ ಕಾಣೋವಂಗ ಹೊಳಿಬೇಕು. ಹಳೇ ಮನ್ಯಾಗ ಶಾಬಾದಿ ಕಲ್ಲಿನ ಪರಸಿ ಇತ್ತು, ಒರಟು, ಕಾಲಿಗೆ ಗಟ್ಟಿ ಹತ್ತತಿತ್ತು. ಅದರ ಮ್ಯಾಲ ಯಾರೂ ಜಾರಿ ಬಿದ್ದದ್ದು ನನಗ ನೆನಪಿಲ್ಲ. ಕಲಬುರಗ್ಯಾಗ ಕುಸನೂರ ಕಡಿ ಮನಿ ಕಟ್ಟಿಸುವಾಗ ಇವರು ಅಂಗಡಿ ಅಂಗಡಿ ತಿರುಗಿ ಬಿಳಿ ಟೈಲ್ಸ್ ತಂದು ಹಾಕಿಸಿದ್ರು. ಬಂದವರೆಲ್ಲಾ ಭಾರಿ ಅದ ಅಂದು ಹೋದ್ರು. ದಿನಾ ಮುಂಜಾನಿ ಒರೆಸಾಕಿ ನಾನು, ಒರೆಸಿದ್ದು ಆರೋತನಕಾ ಗ್ವಾಡಿ ಹಿಡಕೊಂಡು ನಡಿಯಾಕಿನೂ ನಾನೇ.

ನಮ್ಮ ನಾಯಿಗೆ ಹಿಡಕೊಳ್ಳಾಕ ಏನಿತ್ತು? ಡ್ಯಾಶ್‌ಹುಂಡ್ ಜಾತಿದು, ಉದ್ದ ಮೈ, ಗೇಣುದ್ದದ ಕಾಲು. ಮಗ್ಗಲಮನಿ ಮಂದಿ ಅದಕ್ಕ ಬೆಂಚ್ ಅಂತಿದ್ರು. ಗೇಟಿನ ಸಪ್ಪಳ ಕಿವಿಗೆ ಬಿದ್ರ ಸಾಕು, ಸೋಫಾದ ಮ್ಯಾಲಿಂದ ಧಪ್ಪಂತ ಜಿಗಿದು ಓಡತಿತ್ತು. ಬಾಗಿಲ ಹತ್ತಿರ ತಿರುಗುವಾಗ ಹಿಂದಿನ ಕಾಲು ಒಂದು ಕಡಿ, ಮೈ ಒಂದು ಕಡಿ. ನಾವಿಬ್ರೂ ಬಿದ್ದು ಬಿದ್ದು ನಗತಿದ್ವಿ.

ನಮಗ ಮಕ್ಕಳಿಲ್ಲ. ಅದನ್ನ ಹೇಳಿಕೊಂಡು ಅಳೋ ವಯಸ್ಸು ದಾಟೇತಿ, ಆದ್ರ ಹೇಳಲಿಲ್ಲಂದ್ರ ಈ ನಾಯಿ ನಮಗ ಏನಾಗಿತ್ತು ಅಂತ ನಿಮಗ ತಿಳಿಯಂಗಿಲ್ಲ. ಬಿಸಿ ರೊಟ್ಟಿ ಮುರಿದು ತುಪ್ಪ ಸುರುವಿ ಅದಕ್ಕ ಹಾಕಿ ಆಮ್ಯಾಲೆ ಇವರ ತಾಟು. ಮೈ ಬಂತು. ಬರಲಿ, ಉಂಡ ಮನಿ ನಾಯಿ ಅಂತ ಗೊತ್ತಾಗಬೇಕಲ್ಲ ಅಂತಿದ್ರು ಇವರು.

ಬ್ಯಾಸಿಗ್ಯಾಗ ಒಂದು ಮಧ್ಯಾಹ್ನ ಅದು ಸೋಫಾದಿಂದ ಜಿಗಿದದ್ದು, ಒಮ್ಮೆ ಚೀರಿದ್ದು ಅಡಿಗಿಮನಿಗೆ ಕೇಳಿಸ್ತು. ಹೋಗಿ ನೋಡಿದ್ರ ಬೆನ್ನು ಬಿಲ್ಲಿನಂಗ ಬಾಗಿಸಿ ನಿಂತದ, ಹಿಂದಿನ ಕಾಲು ಗಡಗಡ ನಡುಗಾಕತ್ತಾವ. ಸಂಜಿಗೆ ಕುಡದವರಂಗ ಓಲಾಡಿ ಕುಂತುಬಿಡ್ತು.

ಜಗತ್ ಸರ್ಕಲ್ ಹತ್ತಿರ ಒಬ್ರು ಪ್ರಾಣಿ ಡಾಕ್ಟರಮ್ಮ ಅದಾರ. ಬೆನ್ನಿನ ಮಣಿ ಮಣಿ ನಡುವ ಒಂದು ಮೆತ್ತನ ಗಾದಿ ಇರತದ, ಅದು ಸರಿದು ನರ ಒತ್ತಾಕತ್ತದ ಅಂದ್ರು. ಕಾಲಿನ ಬೆರಳು ಚಿಮಟಿಯಿಂದ ಹಿಂಡಿದ್ರು. ನಾಯಿ ಕುಂಯ್ ಅಂದು ತಿರುಗಿ ನೋಡ್ತು.

"ಅರಿವು ಅದ, ಅಷ್ಟು ಚಲೋ," ಅಂದ್ರು. "ಆಪರೇಷನ್ ಮಾಡೋರು ಈ ಊರಾಗ ಇಲ್ರಿ. ದೂರ ಒಯ್ಯೋದ್ರಾಗ ಇನ್ನಷ್ಟು ಸರಿದೀತು ಅಂತ ಅಂಜಿಕಿ. ಈಗಿನ ಸ್ಥಿತ್ಯಾಗ ಔಷಧ, ಸಣ್ಣ ಪಂಜರ, ಅಲುಗಾಡದ ವಿಶ್ರಾಂತಿ. ಎತ್ತಬ್ಯಾಡ್ರಿ, ನಡಸಬ್ಯಾಡ್ರಿ. ತಾನಾಗೇ ಎದ್ರ ಎದ್ದೀತು."

"ಯಾಕ ಹಿಂಗಾತ್ರಿ?" ಅಂತ ಕೇಳಿದೆ.

"ಈ ಜಾತಿಗೆ ಹುಟ್ಟಿನಿಂದನೇ ಗಾದಿ ಗಟ್ಟಿ ಇರಂಗಿಲ್ರಿ. ಅದರ ಮ್ಯಾಲ ತೂಕ, ಜಿಗಿಯೋದು, ಜಾರೋ ನೆಲ, ಎಲ್ಲಾ ಕೂಡ್ತಾವ."

ಡಾಕ್ಟರಮ್ಮ ಹೇಳಿದ್ದರಾಗ ನನ್ನ ಕಿವಿಗೆ ಇಳಿದದ್ದು ಜಾರೋ ನೆಲ ಅನ್ನೋದೊಂದೇ. ಮನಿಗೆ ಬಂದು ಇವರನ್ನ ಹಿಡಕೊಂಡು ಝಾಡಿಸಿದೆ. "ನಿಮ್ಮ ಕನ್ನಡಿ ನೆಲಕ್ಕ ಬೆಂಕಿ ಬೀಳಲಿ," ಅಂದೆ. ಅವರು ಪಂಜರಕ್ಕ ಹಳೇ ಕೌದಿ ಹಾಸಿಕೋತ, "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಕೊಡಬ್ಯಾಡ," ಅಂದ್ರು. ಆ ಮಾತಿಗೆ ನನಗ ಇನ್ನಷ್ಟು ರೇಗಿತು. ಆ ಬಿಳಿ ನೆಲದ ಮ್ಯಾಲೆ ನನ್ನ ನಾಯಿ ಒಂದು ದಿನನೂ ಇರಬಾರದು ಅನ್ನಿಸ್ತು.

ಕಮಲಾಪುರದಾಗ ನನ್ನ ತಂಗಿ ಅದಾಳ. ಗಂಡ ಹೆಂಡತಿ ಇಬ್ರೂ ಹೊಲದಾಗಿನ ಮನ್ಯಾಗೇ ಇರತಾರ, ಸುತ್ತ ಕೆಂಪುಬಾಳಿ ತೋಟ, ಅಂಗಳ ಪೂರಾ ಮಣ್ಣು. ಇವರು ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ, ಬಾಡಿಗಿ ಗಾಡ್ಯಾಗ ಪಂಜರ ಇಟಗೊಂಡು ಹೋದೆ. ದಾರಿ ಪೂರಾ ಪಂಜರ ಅಲುಗದಂಗ ಎರಡೂ ಕೈಲೆ ಹಿಡಕೊಂಡು ಕುಂತಿದ್ದೆ. ಮಣ್ಣಿನ ಮ್ಯಾಲ ಇಳಿಸಿದಾಗ ಅದು ಮೂಗು ಊರಿ ವಾಸನಿ ತಗೊಂಡು ಬಾಲ ಅಲ್ಲಾಡಿಸ್ತು. ಬದುಕತದ ಅಂತ ಅವತ್ತು ನನಗ ಖಾತ್ರಿ ಆತು.

ತಂಗಿ ಗಂಡ ಹುಟ್ಟಾ ಒಕ್ಕಲಿಗ. ಎಷ್ಟು ಎತ್ತು, ಎಷ್ಟು ಆಕಳು ಅವನ ಕೈಯಾಗ ಸತ್ತು ಬದುಕ್ಯಾವ. ದನ ಒಮ್ಮೆ ನೆಲ ಹಿಡೀತು ಅಂದ್ರ ಅದನ್ನ ಮಲಗಾಕ ಬಿಡಬಾರದು ಅನ್ನೋದು ಈ ಕಡಿ ಮಂದಿಯೆಲ್ಲಾ ಬಲ್ಲ ಮಾತು. ಮಲಗಿದಲ್ಲೇ ಕಾಲು ಸೇದತಾವ, ಹೊಟ್ಟಿ ಉಬ್ಬತದ, ದನ ಹೋಗತದ. ಅದಕ್ಕ ಹೊಟ್ಟಿ ಕೆಳಗ ಗೋಣಿಚೀಲ ಹಾಯಿಸಿ, ಹಗ್ಗ ಕಟ್ಟಿ, ಗಿಡಕ್ಕ ತೂಗಿ, ಗೊರಸು ನೆಲಕ್ಕ ತಾಗೋವಂಗ ನಿಲ್ಲಸತಾರ. ನಮ್ಮಪ್ಪನೂ ಹಂಗೇ ನಿಲ್ಲಿಸ್ತಿದ್ದ.

"ಅಕ್ಕಾರ, ಬಿದ್ದ ಜೀವ ಬಿದ್ದಲ್ಲೇ ಬಿಟ್ರ ಮತ್ತ ಏಳಂಗಿಲ್ರಿ," ಅಂದ ಅವ.

"ಡಾಕ್ಟರಮ್ಮ ಅಲುಗಾಡಿಸಬ್ಯಾಡ ಅಂದಾರಪ್ಪಾ."

"ಅವರು ಔಷಧ ಕೊಟ್ಟಾರ, ಕೊಡೂನ್ರಿ. ಆದ್ರ ಮೂಕ ಜೀವಕ್ಕ ಹಗಲೂ ರಾತ್ರಿ ಜೈಲು ಯಾಕ್ರಿ?"

ಪಂಜರದಾಗಿಂದ ಅದು ನನ್ನ ಮಾರಿನೇ ನೋಡಾಕತ್ತಿತ್ತು. ಹೂಂ ಅಂದೆ.

ಬೇವಿನ ಟೊಂಗಿಗೆ ಹಗ್ಗ ಬಿತ್ತು. ಗೋಣಿಚೀಲ ಚುಚ್ಚೀತು ಅಂತ ತಂಗಿ ತನ್ನ ಮೆತ್ತನ ಹಳೇ ಸೀರಿ ಮಡಚಿ ಹಾಕಿದ್ಲು. ದಿನಾ ತಂಪು ಹೊತ್ತಿನಾಗ ಅದನ್ನ ನಿಲ್ಲಿಸ್ತಿದ್ವಿ. ಹಿಂದಿನ ಕಾಲು ಮಣ್ಣು ಕೆದರತಿದ್ವು. "ನೋಡ್ರಿ, ಹೆಜ್ಜಿ ಹಾಕತದ," ಅಂತ ಅವ ಕುಣದಾಡಿದ. ನಾನು ಇವರಿಗೆ ಫೋನ್ ಹಚ್ಚಿ, ನಿಮ್ಮ ಟೈಲ್ಸ್ ಕಿತ್ತು ಒಗೀರಿ, ನಾವು ನಡಕೋತ ಬರತೇವಿ ಅಂದೆ.

ಔಷಧ ಮುಗದಿತ್ತು. ತರಾಕಂತ ಕಲಬುರಗಿಗೆ ಬಸ್ಸಿಗೆ ಹೋಗಿ, ಸಂಜಿಮುಂದ ತಿರುಗಿ ಬಂದೆ. ಅಂಗಳದಾಗ ಕಾಲಿಟ್ಟಾಗ ಅದು ಬೇವಿನ ಕೆಳಗ ಹಗ್ಗದಾಗ ನಿಂತಿತ್ತು. ನನ್ನ ಕಂಡಿತು. ಯಾವತ್ತಿನಂಗ ಜಿಗಿದು ಬರಾಕ ಮುಂದಿನ ಕಾಲು ಚಾಚಿ ಪೂರಾ ಮೈ ಎಳಕೊಂಡಿತು. ನಡಾ ಸೀರ್ಯಾಗ ಸಿಕ್ಕು ಮೈ ತಿರುವಿತು. ಆ ಚೀರಾಟ ನಾನು ಸಾಯೋತನಕಾ ಮರಿಯಂಗಿಲ್ಲ. ಕೈಯಾಗಿನ ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ.

ಡಾಕ್ಟರಮ್ಮ ಫೋನಿನಾಗ, "ಹಿಂದಿನ ಕಾಲಿನ ಬೆರಳು ಜೋರಾಗಿ ಹಿಂಡಿ ನೋಡ್ರಿ," ಅಂದ್ರು. ಹಿಂಡಿದೆ. ಅದು ನನ್ನ ಇನ್ನೊಂದು ಕೈ ನೆಕ್ಕಾಕತ್ತಿತ್ತು. ಉಗುರು ಊರಿ ಹಿಂಡಿದೆ. ನೆಕ್ಕೋದು ಬಿಡಲಿಲ್ಲ. ಆ ಕಡಿಯಿಂದ ಡಾಕ್ಟರಮ್ಮ ಏನೇನೋ ಕೇಳಾಕತ್ತಿದ್ರು, ನಾನು ಹಿಂದಿನ ಇನ್ನೊಂದು ಕಾಲಿನ ಬೆರಳು ಹಿಂಡಾಕತ್ತಿದ್ದೆ. ತಂಗಿ ಗಂಡ ಟವಲ್ ಬಾಯಿಗೆ ಹಚ್ಚಿಕೊಂಡು ಬಾಳಿ ತೋಟದ ಕಡಿ ಎದ್ದು ಹೋದ. ಅವನಿಗೆ ಏನಂತ ಬೈಲಿ? ತನ್ನ ಎತ್ತಿಗೆ ಮಾಡೋದನ್ನೇ ಅಷ್ಟು ಅಂತಃಕರಣದಲೆ ನನ್ನ ನಾಯಿಗೆ ಮಾಡಿದ್ದ.

ಆಮ್ಯಾಲೆ ದವಾಖಾನಿಗೆ ಒಯ್ದಾಗ ಡಾಕ್ಟರಮ್ಮ ಇಂಜೆಕ್ಷನ್ ಮಾತು ಎತ್ತಿದ್ರು. ಜೀವ ತಗಿಯೋದು ನಮ್ಮ ಕೈಯಾಗಿಂದು ಅಲ್ರಿ ಅಂತ ಇವರು ಎದ್ದು ಬಂದ್ರು. ಚಲೋ ಮಾಡಿದ್ರೋ ಕೆಟ್ಟ ಮಾಡಿದ್ರೋ, ನನಗ ಇವತ್ತಿಗೂ ಹೇಳಾಕ ಬರಂಗಿಲ್ಲ.

ಮಣ್ಣಿನ ಮ್ಯಾಲ ಎಳಕೊಂಡ್ರ ಅದರ ತೊಡಿ ಕೆತ್ತಿ ರಕ್ತ ಬರತದ, ಹಿಂಗಾಗಿ ಕಮಲಾಪುರದಾಗ ಇಡಾಕ ಆಗಲಿಲ್ಲ. ಈಗ ನಮ್ಮ ಬಿಳಿ ನೆಲದ ಮ್ಯಾಲೇ ಅದು ಮುಂದಿನ ಎರಡು ಕಾಲಿನ ಮ್ಯಾಲ ಸರಕೋತ ತಿರುಗತದ. ಹೊಟ್ಟಿ ಒತ್ತಿ ಉಚ್ಚಿ ಮಾಡಸೋದು ಇವರ ಕೆಲಸ, ಒರೆಸೋದು ನನ್ನದು. ನಮ್ಮಿಬ್ಬರ ನಡುವ ಜಗಳನೂ ಉಳದಿಲ್ಲ, ಮಾತೂ ಭಾಳ ಉಳದಿಲ್ಲ.

ನಾನು ಪ್ಯಾಟಿಗೆ ಹೋಗಿ ಬಂದಾಗ ಅದು ಬಾಗಿಲತನಕಾ ಸರಕೋತ ಬರತದ. ಕಿವಿ ಹಿಂದಕ್ಕ ಮಡಚಿ, ಬಾಯಿ ತೆರದು, ಮುಂದಿನ ಮೈ ಎಲ್ಲಾ ಕುಣಸತದ. ಬಾಲ ಹಗ್ಗದಂಗ ಹಿಂದ ಬಿದ್ದಿರತದ. ಬಾಲ ಅಲ್ಲಾಡಸಾಕತ್ತೀನಿ ಅಂತನೇ ಅದು ತಿಳಕೊಂಡದ.