ರಫೂ ಮಾಡುವ ಅಪ್ಪನ ಕಣ್ಣು

ನನ್ನ ಅಪ್ಪ ನಲವತ್ತು ವರ್ಷದಿಂದ ರಫೂ ಕೆಲಸ ಮಾಡುತ್ತಿದ್ದಾರೆ. ಇಲಿ ಕಡಿದ ಕೋಟು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಕಿಡಿ ಬಿದ್ದು ತೂತಾದ ಶಾಲು, ಏನೇ ತಂದುಕೊಟ್ಟರೂ ಎಳೆಗೆ ಎಳೆ ಹೆಣೆದು, ಹರಿದದ್ದೇ ಸುಳ್ಳು ಎನ್ನುವಂತೆ ಮಾಡಿ ಕೊಡುತ್ತಾರೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಅಂಗಡಿಯೊಂದರಲ್ಲಿ, ಬೀದಿಯ ಕಡೆಯ ಕಿಟಕಿಯ ಪಕ್ಕ ಅವರ ಜಾಗ. ಎತ್ತರದ ಮೇಜು, ಕತ್ತು ಬಗ್ಗಿಸಬಹುದಾದ ದೀಪ, ಅದರಡಿ ಒಂದು ಭೂತಗನ್ನಡಿ, ನಾಲ್ಕೈದು ಉದ್ದನೆಯ ಸೂಜಿ. ಬೆನ್ನ ಹಿಂದೆ ಇಡೀ ದಿನ ಇಸ್ತ್ರಿಯ ಹಬೆ ಬುಸುಗುಡುತ್ತಿರುತ್ತದೆ. ಅಪ್ಪ ತಲೆ ಎತ್ತುವುದಿಲ್ಲ.

ಅವರದೊಂದು ಹಟವಿದೆ. ನೂಲಿನ ಡಬ್ಬಿಯನ್ನು ಮುಟ್ಟುವುದಿಲ್ಲ. ಹರಿದ ಬಟ್ಟೆಯ ಒಳ ಅಂಚನ್ನು ಬಿಚ್ಚಿ, ಅಲ್ಲಿ ಮಡಚಿಟ್ಟಿರುವ ಹೆಚ್ಚುವರಿ ಬಟ್ಟೆಯಿಂದ ಎಳೆ ಕಿತ್ತು, ಆ ಎಳೆಯಿಂದಲೇ ತೂತು ಮುಚ್ಚುತ್ತಾರೆ. ಚೌಕಳಿ ಬಟ್ಟೆಯಾದರೆ ಅಂಚಿನಲ್ಲಿ ಎಷ್ಟನೆಯ ಎಳೆಯೋ ತೂತಿನಲ್ಲೂ ಅಷ್ಟನೆಯದೇ ಎಳೆ. ಬೆರಳ ತುದಿಯಲ್ಲಿ ಎಣಿಸುತ್ತ ಹೋಗುತ್ತಾರೆ. ಒಳ ಅಂಚೇ ಇಲ್ಲದ ಬಟ್ಟೆ ಬಂದರೆ, ಗಿರಾಕಿ ಎಷ್ಟು ಗೋಗರೆದರೂ ವಾಪಸು. ಅಂಗಡಿಯ ಯಜಮಾನರು ಇದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅಪ್ಪ ಅಷ್ಟು ಕಟ್ಟುನಿಟ್ಟಿನ ಮನುಷ್ಯ ಎಂದು ನಾವೂ ನಂಬಿದ್ದೆವು. ಆ ಹಟ ಎಲ್ಲಿಂದ ಬಂತು ಎಂದು ನನಗೆ ತಿಳಿದದ್ದು ಈ ವರ್ಷ, ಮಗನ ಶಾಲೆಯಿಂದ ಚೀಟಿ ಬಂದ ವಾರ.

ಮಗನಿಗೆ ಐದು ವರ್ಷ. ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತೇವೆ. ಎಣಿಸುವುದರಲ್ಲೂ ವಸ್ತುಗಳನ್ನು ಗುಂಪು ಮಾಡುವುದರಲ್ಲೂ ಹುಡುಗ ಹಿಂದಿದ್ದಾನೆ, ಶುಕ್ರವಾರ ಇನ್ನೊಮ್ಮೆ ಪರೀಕ್ಷಿಸುತ್ತೇವೆ, ಆಗಲೂ ಹೀಗೇ ಆದರೆ ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುವುದು ಒಳ್ಳೆಯದು ಎಂದು ಟೀಚರ್ ಬರೆದಿದ್ದರು. ಆ ಚೀಟಿಯನ್ನು ನಾನು ಎಷ್ಟು ಸಲ ಓದಿದೆನೋ. ಬಸುರಿಯಾಗಿದ್ದಾಗ ಒಂದು ವಾರ ಮಾತ್ರೆ ನುಂಗಲು ಮರೆತಿದ್ದೆ, ಅದಕ್ಕೇ ಹೀಗಾಯಿತು. ಒಂದು ಸಲ ಮೆಟ್ಟಿಲಲ್ಲಿ ಜಾರಿದ್ದೆ, ಅದಕ್ಕೇ ಇರಬೇಕು. ಊಟ ಮಾಡಲಿ ಎಂದು ಫೋನ್ ಕೈಗೆ ಕೊಟ್ಟು ಕೂರಿಸಿದ್ದೆನಲ್ಲ, ಅದಕ್ಕೇ. ಅತ್ತೆ ನನ್ನ ಮುಖ ನೋಡದೆ, ಬಟ್ಟೆ ಮಡಚುತ್ತ, ತಮ್ಮ ಕಡೆ ಯಾರೂ ಓದಿನಲ್ಲಿ ಹಿಂದೆ ಬಿದ್ದವರಿಲ್ಲ ಎಂದು ಗೋಡೆಗೆ ತಿಳಿಸಿದರು. ಐದು ವರ್ಷದ ಮಗು, ಬಿಡೇ ಎಂದ ಗಂಡ. ನಾನು ಬಿಡುವವಳೇ?

ಸೋಮವಾರ ಸಂಜೆ ಗುಬ್ಬಿಯನ್ನು ಕರೆದುಕೊಂಡು ಅಪ್ಪನ ಅಂಗಡಿಗೆ ಹೋದೆ. ಅತ್ತೆಯ ಕಣ್ಣೆದುರು ಪಾಠ ಹೇಳಿಕೊಡುವ ಧೈರ್ಯ ನನಗಿರಲಿಲ್ಲ. ತೂಗುಹಾಕಿದ ಕೋಟುಗಳ ಕೆಳಗೆ ಒಂದು ಸ್ಟೂಲ್ ಎಳೆದು, ಶಾಲೆಯಿಂದ ಬಂದ ಹಾಳೆಯನ್ನು ಅವನ ಮುಂದಿಟ್ಟೆ. ಒಂದು ಮರ, ಅದರ ತುಂಬ ಹಸಿರು ಕೆಂಪು ಹಣ್ಣು. ಕೆಂಪು ಹಣ್ಣಿಗೆ ಸುತ್ತು ಹಾಕಿ ಎಣಿಸಬೇಕು. ಅವನು ಮರದಲ್ಲಿದ್ದ ಹನ್ನೆರಡು ಹಣ್ಣಿಗೂ ಸುತ್ತು ಹಾಕಿದ. ನನ್ನ ಮುಖ ನೋಡಿ ಎರಡನ್ನು ಅಳಿಸಿದ. ಮತ್ತೆ ಮುಖ ನೋಡಿ ಇನ್ನೊಂದನ್ನು ಅಳಿಸಿದ. ಉತ್ತರ ಹಾಳೆಯಲ್ಲಲ್ಲ, ನನ್ನ ಹುಬ್ಬಿನಲ್ಲಿದೆ ಎಂದು ಕಲಿತುಬಿಟ್ಟಿದ್ದ.

"ನನ್ನ ಯಾಕೋ ನೋಡ್ತೀಯ, ಮರ ನೋಡು" ಎಂದೆ.

"ಎಲ್ಲಾ ಒಂದೇ ಥರ ಇದೆ ಅಮ್ಮ."

ಕೈ ತಡೆಯಲಿಲ್ಲ. ತೊಡೆ ಚಿವುಟಿದೆ. ಅವನು ಅಳಲಿಲ್ಲ, ಅಳುವ ಬದಲು ಪೆನ್ಸಿಲನ್ನು ಇನ್ನೂ ಬಿಗಿಯಾಗಿ ಹಿಡಿದ. ಅಪ್ಪ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಬಂದರು. ಹಾಳೆಯನ್ನು ತೆಗೆದುಕೊಂಡು ಹೋಗಿ ದೀಪದ ಕೆಳಗೆ ಹಿಡಿದರು, ಭೂತಗನ್ನಡಿಯಲ್ಲಿ ನೋಡಿದರು, ಓರೆ ಮಾಡಿ ನೋಡಿದರು.

"ಅವನು ಹೇಳಿದ್ದು ಸರಿಯಾಗೇ ಇದೆ" ಎಂದರು.

"ಅಪ್ಪ, ನೀವು ಹೀಗೆ ಮುದ್ದು ಮಾಡಿದ್ರೆ ಅವನು ಕಲಿತಾನಾ?"

"ಮುದ್ದಲ್ಲ ಮಗಳೇ. ಎಲ್ಲಾ ಒಂದೇ ಥರ ಇದೆ. ನನಗೂ."

ಆ ಸಂಜೆ ಅಪ್ಪ ಹೇಳಿದ್ದನ್ನು ನಾನು ಸ್ಟೂಲಿನ ಮೇಲೆ ಕೂತು, ಗುಬ್ಬಿಯನ್ನು ಮಡಿಲಿಗೆಳೆದುಕೊಂಡು ಕೇಳಿದೆ. ಇಪ್ಪತ್ತರ ವಯಸ್ಸಿನಲ್ಲಿ ಅವರು ಒಬ್ಬ ದರ್ಜಿಯ ಕೈಕೆಳಗೆ ಕೆಲಸಕ್ಕೆ ಸೇರಿದ್ದರಂತೆ. ಯಾರದೋ ಕಂದು ಪ್ಯಾಂಟಿನ ಮಂಡಿ ಹರಿದಿತ್ತು. ಅಪ್ಪ ಡಬ್ಬಿಯಿಂದ ನೂಲು ಆರಿಸಿ, ಒಂದು ದಿನವೆಲ್ಲ ಕೂತು ಹೆಣೆದರು. ಹೆಣಿಗೆಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಆದರೆ ನೂಲು ಹಸಿರು. ಗಿರಾಕಿ ಆ ಪ್ಯಾಂಟನ್ನು ಹಾಕಿಕೊಂಡು, ಮಂಡಿಯ ಮೇಲೆ ಹುಲ್ಲು ಬೆಳೆದಿದೆ ನೋಡಿ ಎಂದು ಬೀದಿಯವರನ್ನೆಲ್ಲ ಕರೆದು ತೋರಿಸಿದ. ದರ್ಜಿ ಅಂದೇ ಕೆಲಸ ಬಿಡಿಸಿದ. ಉಳಿದವರಿಗೆ ಕಾಣುವುದೇನೋ ತಮಗೆ ಕಾಣುತ್ತಿಲ್ಲ ಎಂದು ಅಪ್ಪನಿಗೆ ಖಚಿತವಾದದ್ದು ಆಗ. ಡಬ್ಬಿಯನ್ನು ನಂಬುವ ಹಾಗಿಲ್ಲ. ಬಟ್ಟೆ ಮಾತ್ರ ತನ್ನ ಬಣ್ಣದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಅಂದಿನಿಂದ ಬಟ್ಟೆಯ ಎಳೆಯನ್ನೇ ಬಟ್ಟೆಗೆ ಹಾಕಿದರು. ಅದರಿಂದಲೇ ಹೆಸರು ಬಂತು. ಗೊತ್ತಿದ್ದದ್ದು ಅಮ್ಮನಿಗೆ ಮಾತ್ರ. ಅಪ್ಪನ ಅಂಗಿಗಳನ್ನು ಅಮ್ಮ ದಿನಾ ಆರಿಸಿ ಹಾಸಿಗೆಯ ಮೇಲಿಡುವುದನ್ನು ಕಂಡು, ನನ್ನ ಗಂಡನಿಗೆ ನಾನು ಅಷ್ಟು ಮಾಡುವುದಿಲ್ಲವಲ್ಲ ಎಂದು ಹಲವು ಸಲ ಪೇಚಾಡಿದ್ದೆ.

ಬುಧವಾರ ಇಬ್ಬರನ್ನೂ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಬಣ್ಣದ ಚುಕ್ಕಿಗಳಿರುವ ಹಾಳೆಗಳನ್ನು ಡಾಕ್ಟರ್ ಒಂದೊಂದಾಗಿ ಮಗುಚಿದರು. ನನಗೆ ಪ್ರತಿ ಹಾಳೆಯಲ್ಲೂ ಒಂದು ಅಂಕಿ ಎದ್ದು ಕಾಣುತ್ತಿತ್ತು. ಬೆಂಚಿನ ಮೇಲೆ ಪಕ್ಕಪಕ್ಕ ಕೂತ ಅಜ್ಜ ಮೊಮ್ಮಗ ಮಾತ್ರ ಹೆಚ್ಚಿನವಕ್ಕೆ ಒಂದೇ ಉತ್ತರ ಕೊಟ್ಟರು: ಚುಕ್ಕಿ. ಹೇಳಿಕೊಡಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು.

ವರ್ಣಾಂಧತೆ ಎಂದರು ಡಾಕ್ಟರ್. ಇಬ್ಬರಿಗೂ ಕೆಂಪು ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ. ಕಣ್ಣು ಚೆನ್ನಾಗಿದೆ, ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಇದು ಹೆಚ್ಚುವುದೂ ಇಲ್ಲ, ವಾಸಿಯಾಗುವುದೂ ಇಲ್ಲ. ಆಮೇಲೆ ಒಂದು ಚೀಟಿಯ ಹಿಂದೆ ಗೆರೆ ಎಳೆಯುತ್ತ ಹೇಳಿದರು. ನಮ್ಮ ಮೈಯ ಗುಣಗಳೆಲ್ಲ ಬರೆದಿರುವುದು ವರ್ಣತಂತುಗಳಲ್ಲಿ. ಅವು ಜೋಡಿಜೋಡಿಯಾಗಿರುತ್ತವೆ, ಪ್ರತಿ ಜೋಡಿಯಲ್ಲಿ ಒಂದು ಅಮ್ಮನದು, ಒಂದು ಅಪ್ಪನದು. ಹೆಣ್ಣು ಗಂಡು ಬೇರೆಯಾಗುವುದು ಒಂದೇ ಒಂದು ಜೋಡಿಯಲ್ಲಿ. ಅಲ್ಲಿ ಹೆಣ್ಣಿಗೆ ಎರಡೂ ಉದ್ದನೆಯವು, ಗಂಡಿಗೆ ಒಂದು ಉದ್ದ, ಒಂದು ಗಿಡ್ಡ. ಕೆಂಪು ಹಸಿರನ್ನು ಬೇರ್ಪಡಿಸುವ ಜೀನ್ ಇರುವುದು ಉದ್ದನೆಯದರಲ್ಲಿ ಮಾತ್ರ.

ಅಪ್ಪ ಮುಂದಕ್ಕೆ ಬಾಗಿ ಕೇಳುತ್ತಿದ್ದರು. "ಅಂದ್ರೆ ಹೆಂಗಸರದು ಜೋಡಿ ಎಳೆ. ಒಂದು ಹಾಳಾದ್ರೂ ಪಕ್ಕದ್ದು ಮುಚ್ಚಿಕೊಳ್ಳುತ್ತೆ. ನಮ್ಮದು ಒಂಟಿ ಎಳೆ. ಹಾಳಾದ್ರೆ ಕಂಡೇ ಬಿಡುತ್ತೆ. ಅಷ್ಟೇ ತಾನೇ?"

ನನಗಿಂತ ನೀವು ಚೆನ್ನಾಗಿ ಹೇಳಿದಿರಿ ಎಂದು ಡಾಕ್ಟರ್ ನಕ್ಕರು. ನನಗೆ ನಗು ಬರಲಿಲ್ಲ. ಮಗನಿಗೆ ಉದ್ದನೆಯದು ಬರುವುದು ಯಾರಿಂದ? ಅಮ್ಮನಿಂದ. ನನಗೆ ಬಂದದ್ದು? ಒಂದು ನನ್ನ ಅಮ್ಮನಿಂದ, ಇನ್ನೊಂದು ಅಪ್ಪನಿಂದ. ಅಪ್ಪನ ಹತ್ತಿರ ಇದ್ದದ್ದೇ ಒಂದು ಉದ್ದನೆಯದು, ಅದನ್ನು ಹೆಣ್ಣುಮಕ್ಕಳಿಗೆ ಕೊಡಲೇಬೇಕು. ಗಂಡುಮಕ್ಕಳಿಗೆ ಕೊಡುವುದು ಗಿಡ್ಡದ್ದನ್ನು. ಅಪ್ಪನದೇ ಮೂಗು, ಅಪ್ಪನದೇ ನಡಿಗೆ ಎಂದು ಎಲ್ಲರೂ ಹೇಳುವ ನನ್ನ ಅಣ್ಣನಿಗೆ ಇದು ಸೋಂಕಲೇ ಇಲ್ಲ. ಅಮ್ಮನ ಅಚ್ಚು ಎನಿಸಿಕೊಂಡ ನನ್ನೊಳಗೆ ಮೂವತ್ತು ವರ್ಷ ಸದ್ದಿಲ್ಲದೆ ಕೂತಿತ್ತು. ಎಲ್ಲ ಬಣ್ಣವನ್ನೂ ನೋಡುತ್ತಲೇ ಇದ್ದೆ ನಾನು.

"ಹಾಗಾದ್ರೆ ಇವನಿಗೆ ಕೊಟ್ಟಿದ್ದು ನಾನು" ಎಂದೆ.

"ನಿಮ್ಮ ಮೂಲಕ ಬಂತು" ಎಂದರು ಡಾಕ್ಟರ್. "ನಿಮ್ಮ ಎರಡರಲ್ಲಿ ಯಾವುದು ಹೋಗಬೇಕು ಅಂತ ನೀವು ಆರಿಸೋಕಾಗಲ್ಲ. ನಾಣ್ಯ ಎಸೆದ ಹಾಗೆ. ಇನ್ನೊಬ್ಬ ಮಗ ಹುಟ್ಟಿದ್ರೆ ಮತ್ತೆ ಹೊಸದಾಗಿ ಎಸೀಬೇಕು."

ಬಸ್ಸಿಗೆ ಕಾಯುತ್ತ ನಿಂತಾಗ ಕಣ್ಣು ತುಂಬಿ ಬಂತು. 

"ನಿನಗೆ ಕೊಟ್ಟವನು ನಾನು. ನಾನು ಅಳ್ತಿದೀನಾ?" ಎಂದರು ಅಪ್ಪ. "ನನಗೆ ನಮ್ಮಮ್ಮ ಕೊಟ್ಟಳು. ಈ ಬೆರಳೂ ಅವಳದೇ. ಒಂದು ಇಟ್ಕೊಂಡು ಇನ್ನೊಂದು ವಾಪಸ್ ಕೊಡ್ತೀನಿ ಅಂದ್ರೆ ಯಾರಿಗೆ ಕೊಡ್ಲಿ?"

ಶುಕ್ರವಾರ ಶಾಲೆಗೆ ತಾವೂ ಬರುವುದಾಗಿ ಹೇಳಿದರು. ಶಾಲೆಗೆ ಡಾಕ್ಟರ್ ಚೀಟಿ ಸಾಕು, ನೀವು ಬರುವುದು ಬೇಡ ಎಂದೆ. ಆ ಶಾಲೆಯ ಟೀಚರುಗಳೆಲ್ಲ ಅಪ್ಪನ ಅಂಗಡಿಗೇ ಬಟ್ಟೆ ಕೊಡುವವರು. ಬಣ್ಣ ಕಾಣದವನ ಕೈಗೆ ಕೋಟು ಕೊಟ್ಟೆವಲ್ಲ ಎಂದು ಅವರು ಮಾತಾಡಿಕೊಳ್ಳುವುದನ್ನು ನಾನು ಮನಸ್ಸಿನಲ್ಲಿ ಆಗಲೇ ಕೇಳಿಸಿಕೊಂಡಾಗಿತ್ತು. ಯಜಮಾನರ ಮುಖವೂ ಕಣ್ಣಿಗೆ ಕಟ್ಟಿತ್ತು. ಚೀಟಿ ಓದಿದವರು ಮಗುವಿಗೆ ಏನೋ ಕಾಯಿಲೆ ಎಂದುಕೊಳ್ಳುತ್ತಾರೆ, ನನ್ನನ್ನು ನೋಡಿದರೆ ಹಾಗಂದುಕೊಳ್ಳುವುದಿಲ್ಲ ಎಂದರು ಅಪ್ಪ. ಒಂದು ವರ್ಷ ಅವನನ್ನು ದಡ್ಡ ಎಂದು ಕೂರಿಸಿದರೆ ಅವನೂ ಅದನ್ನೇ ನಂಬುತ್ತಾನೆ ಎಂದೂ ಅಂದರು. ಆಮೇಲೆ ಆ ಮಾತು ಎತ್ತಲು ಬಿಡಲಿಲ್ಲ.

ಶುಕ್ರವಾರ ಮಕ್ಕಳೆಲ್ಲ ಮನೆಗೆ ಹೋದಮೇಲೆ ನಾವು ಮೂವರು ಪುಟ್ಟ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವಂತೆ ಕೂತೆವು. ಟೀಚರ್ ಚೀಟಿಯನ್ನು ಎರಡು ಸಲ ಓದಿದರು. ಕೆಟ್ಟವರಲ್ಲ, ಆದರೆ ನಂಬಿಕೆ ಬಂದಿರಲಿಲ್ಲ. ಹುಡುಗ ಕ್ರೇಯಾನುಗಳ ಬಣ್ಣ ಸರಿಯಾಗಿಯೇ ಹೇಳುತ್ತಾನಲ್ಲ ಎಂದರು. ಅದು ಹೇಗೆ ಗೊತ್ತಾಗುತ್ತೆ ಎಂದು ಗುಬ್ಬಿಯನ್ನೇ ಕೇಳಿದೆ. ತುದಿ ಮುರಿದದ್ದು ಕೆಂಪು, ಕಾಗದ ಕಿತ್ತುಹೋದದ್ದು ಹಸಿರು ಎಂದು ಪಟಪಟನೆ ಒಪ್ಪಿಸಿದ.

ಟೀಚರ್ ಕುರ್ಚಿಯ ಬೆನ್ನಿಗೆ ಒಂದು ಕೋಟು ತೂಗುತ್ತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು.

"ಈ ಕೋಟು ಹೋದ ಚಳಿಗಾಲದಲ್ಲಿ ನನ್ನ ಕೈಗೆ ಬಂದಿತ್ತು, ಮೇಡಂ. ಎಲ್ಲಿ ಹರಿದಿತ್ತು, ತೋರಿಸ್ತೀರಾ?"

ಟೀಚರ್ ಎಡ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದರು. ಕನ್ನಡಕ ಹಾಕಿಕೊಂಡು ಹುಡುಕಿದರು. ಬಲ ತೋಳೋ ಏನೋ ಎಂದು ಅದನ್ನೂ ನೋಡಿದರು. ಅಪ್ಪ ಕೋಟನ್ನು ಇಸಿದುಕೊಂಡು, ಕಣ್ಣು ಮುಚ್ಚಿ, ಎಡ ಮೊಣಕೈಯ ಕೆಳಗೆ ಹೆಬ್ಬೆರಳು ಆಡಿಸಿ ನಿಲ್ಲಿಸಿದರು.

"ಇಲ್ಲಿ. ಆದ್ರೆ ಈ ಕೋಟಿನ ಬಣ್ಣ ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

"ಕಡು ಹಸಿರು" ಎಂದರು ಟೀಚರ್, ಮೆಲ್ಲಗೆ.

"ಇರಬಹುದು" ಎಂದರು ಅಪ್ಪ.

ಟೀಚರ್ ಸ್ವಲ್ಪ ಹೊತ್ತು ಆ ಜಾಗವನ್ನು ಉಗುರಿನಿಂದ ಕೆರೆದು ನೋಡುತ್ತ ನಿಂತರು. ಆಮೇಲೆ ಬಣ್ಣದ ಹಾಳೆಗಳನ್ನು ಬದಿಗಿಟ್ಟು ಕಪಾಟಿನಿಂದ ಒಂದು ಬುಟ್ಟಿ ಗುಂಡಿ ತಂದು ನೆಲಕ್ಕೆ ಸುರಿದರು. ದೊಡ್ಡವು ಬೇರೆ, ಸಣ್ಣವು ಬೇರೆ, ಎರಡು ತೂತಿನವು, ನಾಲ್ಕು ತೂತಿನವು. ಗುಬ್ಬಿ ಹುಬ್ಬು ನೋಡಲು ಒಂದು ಸಲ ನನ್ನ ಕಡೆ ತಿರುಗಿದ. ನಾನು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತೆ. ಗುಂಡಿಗಳ ಟಕಟಕ ಸದ್ದು ಮಾತ್ರ ಕೇಳುತ್ತಿತ್ತು. ಗುಂಪು ಮಾಡಿ ಮುಗಿಸಿ ಎಣಿಸತೊಡಗಿದ. ಇಪ್ಪತ್ತೊಂಬತ್ತಾದ ಮೇಲೆ ನಲವತ್ತಕ್ಕೆ ಹಾರಿದ. ತರಗತಿಯಲ್ಲಿ ಅರ್ಧ ಮಕ್ಕಳು ಅಲ್ಲೇ ಹಾರುತ್ತಾರೆ ಎಂದರು ಟೀಚರ್, ನಗುತ್ತ. ಮುಂದಿನ ತರಗತಿಯ ಪಟ್ಟಿಗೆ ಅವನ ಹೆಸರನ್ನು ನಮ್ಮೆದುರೇ ಸೇರಿಸಿದರು.

ಮರುದಿನ ಬೆಳಿಗ್ಗೆ, ಸುದ್ದಿ ಬೀದಿಯಲ್ಲಿ ನಡೆದುಕೊಂಡು ಬರುವ ಮೊದಲು ನಾನೇ ಹೇಳಿಬಿಡುತ್ತೇನೆ ಎಂದುಕೊಂಡು, ಅಪ್ಪ ತಮಗೆ ಬಣ್ಣ ಕಾಣದ ವಿಷಯವನ್ನು ಯಜಮಾನರಿಗೆ ತಿಳಿಸಿದರು. ಅವರು ಗಿರಾಕಿಗಳಿಗೆ ಕೊಡಬೇಕಾಗಿದ್ದ ಏಳು ಬಟ್ಟೆಗಳನ್ನು ಹೊರಗೆ ಬಿಸಿಲಿಗೆ ಒಯ್ದು ಒಂದೊಂದನ್ನೇ ತಿರುವಿ ನೋಡಿದರಂತೆ. ಒಳಗೆ ಬಂದು ಎಂಟನೆಯದಾಗಿ ಒಂದು ಹರಿದ ಬಟ್ಟೆಯನ್ನು ಅಪ್ಪನ ಮೇಜಿನ ಮೇಲಿಟ್ಟು, ಇದು ಸೋಮವಾರಕ್ಕೆ ಬೇಕು ಎಂದರಂತೆ. ಅತ್ತೆಗೆ ಮಾತ್ರ ಇದು ತಮ್ಮ ಕಡೆಯದಲ್ಲ ಎಂದು ಡಾಕ್ಟರ್ ಬಾಯಿಂದಲೇ ಬಂದದ್ದಕ್ಕೆ ಮಹಾ ಸಂತೋಷ. ಹೌದು ಅತ್ತೆ, ನಮ್ಮ ಕಡೆಯದೇ ಎಂದೆ. ಹೇಳಿದ ಮೇಲೆ ನೋಡಿದರೆ ನನಗೂ ಒಂಥರಾ ಜಂಬವಾಗಿತ್ತು.

ಒಂದು ತಿಂಗಳ ನಂತರ ಬಾಗಿಲು ಬಡಿದ ಸದ್ದಾಯಿತು. ಗುಬ್ಬಿಯ ತರಗತಿಯ ಇನ್ನೊಬ್ಬ ಹುಡುಗನ ತಾಯಿ. ಟೀಚರ್ ಈಗ ಎಲ್ಲ ಮಕ್ಕಳಿಗೂ ಗುಂಡಿಯಲ್ಲೊಮ್ಮೆ ಬಣ್ಣದಲ್ಲೊಮ್ಮೆ ಪರೀಕ್ಷೆ ಮಾಡುತ್ತಾರೆ. ಈಕೆಯ ಮಗ ಗುಂಡಿಯಲ್ಲಿ ಗೆದ್ದು ಬಣ್ಣದಲ್ಲಿ ಸೋತಿದ್ದ. ಡಾಕ್ಟರ್ ಹತ್ತಿರ ಹೋಗಲು ಹೆದರಿಕೆ, ನಿಮ್ಮನ್ನು ಕೇಳಿದರೆ ತಿಳಿಯುತ್ತದೆ ಎಂದು ಟೀಚರ್ ಹೇಳಿದರು ಎಂದಳು. ಕೊಟ್ಟ ನೀರನ್ನು ಕುಡಿಯದೆ ಲೋಟ ಹಿಡಿದೇ ಇದ್ದಳು. ಬಸುರಿಯಾಗಿದ್ದಾಗ ತುಂಬ ಹೊತ್ತು ಟಿವಿ ನೋಡಿದೆ, ಅದಕ್ಕೇ ಇರಬೇಕು ಎಂದಳು. ಅಲ್ಲದಿದ್ದರೆ ಗಂಡನ ಕಡೆಯಿಂದ, ತನ್ನ ತವರಲ್ಲಿ ಇಂಥದ್ದು ಯಾರಿಗೂ ಇಲ್ಲ ಎಂದಳು.

ನಾನು ಒಂದು ಕಾಗದದ ಹಿಂದೆ ಎರಡು ಉದ್ದ ಗೆರೆ ಎಳೆದೆ. ಪಕ್ಕದಲ್ಲಿ ಒಂದು ಉದ್ದ, ಒಂದು ಗಿಡ್ಡ. ಟಿವಿ ಅಲ್ಲ, ಮಾತ್ರೆ ಅಲ್ಲ, ಗಂಡನೂ ಅಲ್ಲ ಎಂದು ಹೇಳುವಾಗ ನನ್ನ ದನಿ ನನಗೇ ಡಾಕ್ಟರ್ ದನಿಯಂತೆ ಕೇಳಿಸಿತು.

"ನಿಮ್ಮಪ್ಪ ಏನ್ ಮಾಡ್ತಾರೆ?" ಎಂದೆ.

"ಹಣ್ಣಿನ ಅಂಗಡಿ."

"ಹಣ್ಣಾಗಿದೆಯಾ ಅಂತ ನೋಡಿ ಹೇಳ್ತಾರಾ, ಒತ್ತಿ ಹೇಳ್ತಾರಾ?"

ಆಕೆ ಲೋಟ ಕೆಳಗಿಟ್ಟು, ಚೀಲದಿಂದ ಫೋನ್ ತೆಗೆದು, ತನ್ನ ಅಪ್ಪನಿಗೆ ಕರೆ ಮಾಡಿದಳು.